ಎರಡು ಮಾರಿಕಣಿವೆಯ ಒತ್ತಡದ ಕಾಫಿ

ಹೊಸದುರ್ಗದಿಂದ ನಿವೃತ್ತ ಮೇಷ್ಟ್ರೊಬ್ಬರ ಕಾಗದ ಬಂದಿದೆ. ಬೆಂಗಳೂರಿನಲ್ಲಿರುವ ಮಗ ಊರಿನ ಮನೆಗೊಂದು ಎಸ್ಪ್ರೆಸೊ ಯಂತ್ರ ತರುತ್ತೇನೆಂದು ಹಟ ಹಿಡಿದಿದ್ದಾನಂತೆ. ಅಪ್ಪ ಮಗ ಇಬ್ಬರೂ ಅಂಗಡಿಗೆ ಹೋದರೆ, ‘15 ಬಾರ್ ಇದೆ ಸಾರ್, ಇನ್ನೊಂದಿಷ್ಟು ದುಡ್ಡು ಹಾಕಿದ್ರೆ 20 ಬಾರ್‌ದೇ ಬರುತ್ತೆ’ ಎಂದರಂತೆ ಅಂಗಡಿಯವರು. ಮೇಷ್ಟ್ರ ಪ್ರಶ್ನೆಗಳು ಎರಡು. ಬಾರ್ ಹೆಚ್ಚಾದಷ್ಟೂ ಕಾಫಿ ಚೆನ್ನಾಗಿರುತ್ತದೆಯೆ? ಮದುವೆ ಮನೆಯ ಬಾಗಿಲಲ್ಲಿ ಭುಸ್ಸೆಂದು ಸದ್ದು ಮಾಡುತ್ತಾ ನಿಂತಿರುತ್ತದಲ್ಲ, ಆ ಯಂತ್ರದ ಕಾಫಿಯೂ ಇದೂ ಒಂದೇನಾ?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಂದೇ ಅಲ್ಲ, ಮೇಷ್ಟ್ರೇ. ಮದುವೆ ಮನೆಯ ಯಂತ್ರ ಒಂದು ಹಬೆಯ ಹಂಡೆ, ಅಷ್ಟೆ. ಇನ್‌ಸ್ಟಂಟ್ ಪುಡಿ, ಸಕ್ಕರೆ, ಹಾಲು ಬೆರೆಸಿದ ಜಗ್ಗಿನೊಳಗೆ ಹಬೆಯ ಕೊಳವೆ ಇಳಿಸಿ ನೊರೆ ಎಬ್ಬಿಸುತ್ತಾರೆ. ಮೇಲೊಂದು ಚಿಟಿಕೆ ಚಾಕೊಲೇಟ್ ಪುಡಿ ಉದುರಿಸುತ್ತಾರೆ. ರುಚಿಯಾಗಿರುತ್ತದೆ, ನಾನೂ ಎರಡೆರಡು ಕಪ್ಪು ಕುಡಿದು ಬಂದವನೇ. ಆದರೆ ಅದರಲ್ಲಿ ಎಸ್ಪ್ರೆಸೊ ಆಗಿರುವುದು ಹೆಸರೊಂದೇ. ಇಟಲಿಯವರ ಆ ಮಾತಿಗೆ ಒತ್ತಿ ತೆಗೆದದ್ದು ಎಂಬ ಅರ್ಥವಿದೆ. ನಮ್ಮ ಮದುವೆ ಕಾಫಿಯಲ್ಲಿ ಒತ್ತಿಸಿಕೊಳ್ಳುವುದು ಸಾಲಿನಲ್ಲಿ ನಿಂತ ನೆಂಟರು ಮಾತ್ರ.

ತಮಾಷೆಯೆಂದರೆ, ಇಟಲಿಯಲ್ಲೂ ಕಥೆ ಶುರುವಾದದ್ದು ಹಬೆಯಿಂದಲೇ. 1884ರಲ್ಲಿ ಟ್ಯೂರಿನ್ ಪಟ್ಟಣದ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಹಬೆಯಿಂದ ಕಾಫಿ ಇಳಿಸುವ ಯಂತ್ರಗಳಿಗೆ ಪೇಟೆಂಟ್ ಪಡೆದರು. ಹಬೆಗೆ ಒಂದು ದೋಷವಿದೆ. ಅದರ ಒತ್ತಡ ಏರಬೇಕಾದರೆ ಬಿಸಿಯೂ ಏರಲೇಬೇಕು. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡವಿರುತ್ತದೆ, ಬಿಸಿ 120 ಡಿಗ್ರಿಯಷ್ಟಾಗಿರುತ್ತದೆ. ಬೆಜ್ಜೆರಾ ಕಾಲದ ಯಂತ್ರಗಳು ಇದಕ್ಕಿಂತ ತುಸುವೇ ಮೇಲು, ಹೆಚ್ಚೆಂದರೆ ಒಂದೂವರೆ ಬಾರ್. ಇಂದಿನ ಎಸ್ಪ್ರೆಸೊ ಕೇಳುವ 9 ಬಾರನ್ನು ಬರೀ ಹಬೆಯಿಂದ ತರುತ್ತೇನೆಂದು ಹೊರಟರೆ ಹಂಡೆ 180 ಡಿಗ್ರಿ ಮುಟ್ಟಬೇಕು. ಕಾಫಿಪುಡಿಗೆ ಹಿತವಾದದ್ದು 90ರಿಂದ 96 ಡಿಗ್ರಿಯ ನೀರು. ಹಬೆಯ ಕಾಫಿ ಸೀದ ಕಹಿ ಹೊಡೆಯುತ್ತಿದ್ದದ್ದು ಇದರಿಂದಲೇ.

ಬಿಸಿಯನ್ನೂ ಒತ್ತಡವನ್ನೂ ಬೇರೆ ಬೇರೆ ಮಾಡಿದವನು ಮಿಲಾನಿನ ಅಕಿಲ್ಲೆ ಗಾಜ್ಜಿಯಾ. 1938ರ ಪೇಟೆಂಟಿನಿಂದ ಶುರುವಾದ ಅವನ ಕೆಲಸ ಮಹಾಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಕೂರಿಸಿದ ಸನ್ನೆಯ ಯಂತ್ರವಾಗಿ ಬಂತು. ಶ್ಯಾವಿಗೆ ಒತ್ತುವ ಒರಳು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೀರನ್ನು ಹದವಾಗಿ ಕಾಯಿಸಿಕೊಳ್ಳುವುದು ಒಂದು ಕೆಲಸ, ಅದನ್ನು ಒತ್ತುವುದು ಇನ್ನೊಂದು ಕೆಲಸ. 1961ರಲ್ಲಿ ಫೇಮಾ ಕಂಪನಿಯ ಎರ್ನೆಸ್ಟೊ ವಾಲೆಂತೆ ಸನ್ನೆಯ ಜಾಗಕ್ಕೆ ವಿದ್ಯುತ್ ಪಂಪು ತಂದ. ಆ ಯಂತ್ರದ ಹೆಸರು ಇ61. ಆ ವರ್ಷ ಫೆಬ್ರವರಿಯಲ್ಲಿ ಇಟಲಿಯ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣದ ನೆನಪಿಗೆ ಹಾಗೆ ಕರೆದರಂತೆ. ನಮ್ಮಲ್ಲಿ ಗ್ರಹಣ ಹಿಡಿದರೆ ಒಲೆ ಹಚ್ಚುವುದಿಲ್ಲ, ತುಂಬಿಟ್ಟ ನೀರಿಗೂ ದರ್ಭೆ ಹಾಕುತ್ತೇವೆ. ಅವರು ಗ್ರಹಣದ ಹೆಸರನ್ನು ಕಾಫಿ ಯಂತ್ರಕ್ಕೇ ಇಟ್ಟು ಅರವತ್ತು ವರ್ಷದಿಂದ ಕುಡಿಯುತ್ತಿದ್ದಾರೆ. ಯಾರಿಗೂ ಏನೂ ಆಗಿಲ್ಲ.

ಈಗ ಬಾರ್ ವಿಷಯ. ಹತ್ತು ಮೀಟರ್ ನೀರು ತಲೆಯ ಮೇಲೆ ನಿಂತರೆ ಸುಮಾರು 1 ಬಾರ್. ಹೊಸದುರ್ಗದವರಿಗೆ ನೀರಿನ ಆಳ ಎಂದರೆ ಮಾರಿಕಣಿವೆ. ಅದೇ, 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರ ಅಣೆಕಟ್ಟು. ಅದರ ತುಂಬು ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಹರಿದದ್ದು ಮತ್ತೆ ಹರಿಯಲು 2022ರವರೆಗೆ ಕಾಯಿಸಿತು. ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳಿಗೆ ಆ ವರ್ಷ ಮರೆಯುವಂಥದ್ದಲ್ಲ. ಹಾಗೆ ತುಂಬಿ ನಿಂತ 130 ಅಡಿ ನೀರಿನ ಕೆಳಗೆ ಇರುವ ಒತ್ತಡ ಸುಮಾರು 4 ಬಾರ್. ಎಸ್ಪ್ರೆಸೊಗೆ ಬೇಕಾದದ್ದು 9 ಬಾರ್! ತುಂಬಿದ ಮಾರಿಕಣಿವೆಯ ಮೇಲೆ ಇನ್ನೊಂದು ತುಂಬಿದ ಮಾರಿಕಣಿವೆಯನ್ನು ಪೇರಿಸಿದರೂ ಇನ್ನೊಂದು ಬಾವಿಯಷ್ಟು ಕಡಿಮೆ ಬೀಳುತ್ತದೆ. ಅಷ್ಟು ಒತ್ತಡ ಮೂವತ್ತು ಮಿಲಿಲೀಟರ್ ಕಾಫಿಗೆ!

ಇನ್ನೊಂದು ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ, ನಂಬಲಾಗದೆ ಮತ್ತೊಮ್ಮೆ ಹಾಕಿದೆ. ಪುಡಿ ತುಂಬುವ ಜರಡಿ ಬಟ್ಟಲಿನ ಅಗಲ ದೊಡ್ಡ ಯಂತ್ರಗಳಲ್ಲಿ 58 ಮಿಲಿಮೀಟರ್. ಅಂಗೈಗಿಂತ ಚಿಕ್ಕದು. 9 ಬಾರ್‌ನಲ್ಲಿ ಆ ಪುಡಿಯ ಬಿಲ್ಲೆಯ ಮೇಲೆ ಬೀಳುವ ಒಟ್ಟು ಭಾರ ಸುಮಾರು 240 ಕಿಲೊ. ಹೆಚ್ಚುಕಡಿಮೆ ಐದು ಮೂಟೆ ಸಿಮೆಂಟು. ಕಾಫಿ ಇಳಿಯುತ್ತಿರುವಾಗ ಹಿಡಿಕೆ ತಿರುಗಿಸಿ ತೆಗೆಯಬಾರದು ಎಂದು ಪುಸ್ತಿಕೆಯಲ್ಲಿ ಕೆಂಪಕ್ಷರದಲ್ಲಿ ಬರೆಯುವುದು ಸುಮ್ಮನೆ ಅಲ್ಲ.

ಹಾಗಾದರೆ 15 ಬಾರ್, 20 ಬಾರ್ ಇನ್ನೂ ಒಳ್ಳೆಯದಲ್ಲವೆ? ಇಲ್ಲೇ ಮೋಸ ಇರುವುದು. ಮನೆ ಯಂತ್ರಗಳಲ್ಲಿರುವುದು ಸಾಮಾನ್ಯವಾಗಿ ಬೆರಳುದ್ದದ ಒಂದು ಕಂಪನ ಪಂಪು. ಕರೆಂಟಿನ ತಾಳಕ್ಕೆ ಒಳಗಿನ ಕೊಂತ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಕುಣಿಯುತ್ತದೆ, ಗುರ್ರೆನ್ನುವುದು ಅದೇ. ಪೆಟ್ಟಿಗೆಯ ಮೇಲಿನ 15 ಎನ್ನುವುದು ಆ ಪಂಪಿನ ಬಾಯಿಯನ್ನು ಪೂರ್ತಿ ಮುಚ್ಚಿ, ಒಂದು ತೊಟ್ಟು ನೀರೂ ಹೊರಗೆ ಹೋಗದಂತೆ ಮಾಡಿದಾಗ ಏರುವ ಒತ್ತಡ. ಇದು ಹೊಸದುರ್ಗದ ತೆಂಗು ದಾಳಿಂಬೆ ಬೆಳೆಗಾರರಿಗೆ ಕಾಲೇಜು ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ಕೊಳವೆಬಾವಿ ಮೋಟಾರಿನ ಮೇಲೆ ಬರೆದಿರುವ ಗರಿಷ್ಠ ಹೆಡ್‌ನಷ್ಟು ಆಳಕ್ಕೇ ಮೋಟಾರು ಇಳಿಸಿದರೆ ಮೇಲೆ ನೀರು ಬರುತ್ತದೆಯೆ? ಮೋಟಾರು ಓಡುತ್ತದೆ, ಮೀಟರೂ ಓಡುತ್ತದೆ, ಪೈಪು ಒಣಗಿರುತ್ತದೆ. ಹೆಡ್ ಮತ್ತು ನೀರು ಎರಡನ್ನೂ ನೋಡಿ ಮೋಟಾರು ಆರಿಸುವ ರೈತ, ಕಾಫಿ ಯಂತ್ರದ ಅಂಗಡಿಯಲ್ಲಿ ಮಾತ್ರ ಒಂದೇ ಅಂಕಿಗೆ ಯಾಕೆ ಮರುಳಾಗಬೇಕು?

ಒಳ್ಳೆಯ ಯಂತ್ರದಲ್ಲಿ ಹೆಚ್ಚಿನ ಒತ್ತಡವನ್ನು ಹೊರಬಿಡುವ ಒಂದು ವಾಲ್ವ್ ಇರುತ್ತದೆ. 15 ಬಾರ್ ಪಂಪು ಕೂರಿಸಿ, ಆ ವಾಲ್ವಿನಿಂದ 9ಕ್ಕೆ ಇಳಿಸಿರುತ್ತಾರೆ. ಕೇಳಬೇಕಾದ ಪ್ರಶ್ನೆ ಅದು. ಪಂಪು ಎಷ್ಟು ತಳ್ಳಬಲ್ಲದು ಎಂದಲ್ಲ, ಪುಡಿಗೆ ಎಷ್ಟು ತಲುಪುತ್ತದೆ ಎಂದು.

ಪುಡಿಯ ಪಾಲೂ ಇದರಲ್ಲಿದೆ. ಒತ್ತಡ ಹುಟ್ಟುವುದೇ ನೀರಿಗೆ ಪುಡಿ ಅಡ್ಡ ನಿಂತಾಗ. ಪುಡಿ ರವೆಯಂತಿದ್ದರೆ ನೀರು ಸರಾಗವಾಗಿ ಇಳಿದುಹೋಗುತ್ತದೆ, 20 ಬಾರ್ ಪಂಪೂ ಎರಡು ಬಾರ್ ತೋರಿಸುತ್ತದೆ. ಬಿಲ್ಲೆ ಒಂದು ಕಡೆ ಸಡಿಲವಾಗಿದ್ದರಂತೂ ಕೆರೆ ಏರಿಯಲ್ಲಿ ಏಡಿ ಬಿಲ ಬಿದ್ದ ಕಥೆ. ಮೊದಲು ಎಳೆಯಷ್ಟು ನೀರು, ಆಮೇಲೆ ಬೆರಳಷ್ಟು. ಎಲ್ಲ ನೀರೂ ಆ ಬಿಲದಲ್ಲೇ ನುಗ್ಗಿ, ಅಲ್ಲಿನ ಪುಡಿಯಿಂದ ಕಹಿಯೆಲ್ಲ ಕಿತ್ತು ತಂದು, ಉಳಿದ ಪುಡಿಯನ್ನು ಮುಟ್ಟದೆ ಬಿಡುತ್ತದೆ. ಲೋಟದಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ. ಹದ ಸರಿಯಿದ್ದರೆ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಜೇನಿನ ಎಳೆಯಂತೆ ಇಳಿಯಬೇಕು. ಆದ್ದರಿಂದ ನನ್ನ ಖಚಿತ ಅಭಿಪ್ರಾಯ ಇದು: ದುಡ್ಡನ್ನು ಮೊದಲು ಬೀಜ ಬೀಸುವ ಗ್ರೈಂಡರಿಗೆ ಹಾಕಿ, ಉಳಿದದ್ದನ್ನು ಯಂತ್ರಕ್ಕೆ. ಮಿಕ್ಸಿಯ ಬ್ಲೇಡಿನಲ್ಲಿ ಹೊಡೆದ ಪುಡಿ ನಡೆಯುವುದಿಲ್ಲ. ಅದರಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು ಇರುತ್ತದೆ.

ಬೀಸುವುದರ ಬಗ್ಗೆಯೇ 2023ರ ಕೊನೆಯಲ್ಲಿ ಸೊಗಸಾದ ಸಂಶೋಧನೆಯೊಂದು ಬಂತು. ಒರೆಗಾನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಅವರ ತಂಡಕ್ಕೆ ಜ್ವಾಲಾಮುಖಿ ಬೂದಿಯಲ್ಲಿ ಮಿಂಚು ಹೇಗೆ ಹುಟ್ಟುತ್ತದೆಂದು ನೋಡುವವರೂ ಸೇರಿಕೊಂಡಿದ್ದರು. ಬೂದಿಯ ಕಣಗಳು ಉಜ್ಜಿಕೊಂಡಾಗ ಹೇಗೋ ಹಾಗೆಯೇ ಕಾಫಿ ಬೀಜ ಬೀಸಿದಾಗಲೂ ಸ್ಥಾಯಿ ವಿದ್ಯುತ್ ಹುಟ್ಟಿ ಪುಡಿ ಉಂಡೆಗಟ್ಟುತ್ತದೆ. ಬೀಸುವ ಮೊದಲು ಬೀಜಕ್ಕೆ ತುಸುವೇ ನೀರು ಚಿಮುಕಿಸಿದರೆ ಈ ಕಾಟ ತಗ್ಗಿ, ಬಿಲ್ಲೆ ಒತ್ತಾಗಿ ಕೂತು, ಕಾಫಿ ಗಟ್ಟಿಯಾಗಿ ಇಳಿಯುತ್ತದೆಂದು ತೋರಿಸಿದರು. ಬೇಸಿಗೆಯ ಒಣಗಾಳಿಯಲ್ಲಿ ನನ್ನ ಗ್ರೈಂಡರಿನ ಗೋಡೆಗೆಲ್ಲ ಪುಡಿ ಅಂಟಿಕೊಳ್ಳುತ್ತಿತ್ತು. ಈಗ ಎರಡು ಹನಿ ಸಾಕು.

ಮೇಲೆ ನಿಲ್ಲುವ ಕಂದು ಕೆನೆಯ ವಿಷಯ ಮೇಷ್ಟ್ರು ಕೇಳಿಲ್ಲ, ಆದರೂ ಹೇಳದಿದ್ದರೆ ನನಗೆ ತಡೆಯದು. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿಯನ್ನು ಬಾಯಿಗೆ ಒತ್ತಿ ಹಿಡಿದಿರುವುದು ಒಳಗಿನ ಇಂಗಾಲದ ಡೈಆಕ್ಸೈಡಿನ ಒತ್ತಡ. ಗೋಲಿ ಒತ್ತಿದೊಡನೆ ನೀರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಏಳುತ್ತದೆ. ಹುರಿದ ಕಾಫಿ ಬೀಜದ ಒಳಗೂ ಅದೇ ಗಾಳಿ ಸಿಕ್ಕಿಕೊಂಡಿರುತ್ತದೆ. 9 ಬಾರ್‌ನಲ್ಲಿ ಅದು ನೀರಿಗೆ ಕರಗುತ್ತದೆ, ಲೋಟಕ್ಕೆ ಬೀಳುತ್ತಲೇ ಸೋಡಾದಂತೆ ಗುಳ್ಳೆ ಬಿಡುತ್ತದೆ. ಕಾಫಿಯದೇ ಜಿಡ್ಡು, ಹುರಿದಾಗ ಹುಟ್ಟಿದ ಕಂದು ವಸ್ತುಗಳು ಆ ಗುಳ್ಳೆಗಳಿಗೆ ಹೊದಿಕೆಯಾಗುತ್ತವೆ. ಹಾಲಿಲ್ಲದ ಕೆನೆ. ಪುಡಿ ಹಳೆಯದಾದರೆ ಗಾಳಿ ಹಾರಿಹೋಗಿರುತ್ತದೆ, ಕೆನೆಯೂ ಇಲ್ಲ. ಅಗ್ಗದ ಯಂತ್ರಗಳು ಇಲ್ಲೊಂದು ಕಣ್ಕಟ್ಟು ಮಾಡುತ್ತವೆ. ಬಟ್ಟಲಿಗೆ ಎರಡು ತಳ, ಕೆಳಗಿನ ತಳಕ್ಕೆ ಸೂಜಿಮೊನೆಯಷ್ಟು ಒಂದೇ ತೂತು. ಅದರಿಂದ ಚಿಮ್ಮಿದರೆ ಎಂಥ ಪುಡಿಯೂ ನೊರೆಯಾಗುತ್ತದೆ. ನೊರೆ ಕಂಡು ಕೈಮುಗಿಯಬೇಡಿ. ಬಟ್ಟಲನ್ನು ಬೆಳಕಿಗೆ ಹಿಡಿದು ತೂತು ಎಣಿಸಿ.

ಈ ಕೆನೆಯಲ್ಲಿ ನಮ್ಮವರ ಪಾಲೂ ಇದೆ. ನಮ್ಮಲ್ಲೂ ಬೆಳೆಯುವ ರೋಬಸ್ಟಾ ಬೀಜದಿಂದ ಕೆನೆ ದಪ್ಪಗೆ ಬರುತ್ತದೆ. ನಮ್ಮ ದೇಶದ ಕಾಫಿಯ ದೊಡ್ಡ ಗಿರಾಕಿ ಇಟಲಿ. ಬಾಬಾಬುಡನ್ ಮೋಖಾದಿಂದ ಏಳು ಬೀಜ ತಂದು ನೆಟ್ಟರೆಂಬ ಆ ಗಿರಿಸಾಲಿನಲ್ಲೇ ವೇದಾವತಿಯೂ ಹುಟ್ಟಿ ಮಾರಿಕಣಿವೆಗೆ ಬರುತ್ತಾಳೆ. ಹೊಸದುರ್ಗಕ್ಕೆ ಕಾಫಿ ಬೆಟ್ಟದ ನೀರಿನ ನಂಟು ಮೊದಲಿನಿಂದಲೂ ಇದೆ ಎನ್ನಿ.

ಒಂದು ಎಚ್ಚರಿಕೆ. ಫಿಲ್ಟರಿಗೆಂದು ತಂದ ಚಿಕೋರಿ ಪುಡಿಯನ್ನು ಈ ಯಂತ್ರಕ್ಕೆ ತುಂಬಬೇಡಿ. ಚಿಕೋರಿ ಕಾಫಿಗಿಂತ ಬಹಳ ಹೆಚ್ಚು ಕರಗುತ್ತದೆ, ನೆನೆದು ಅಂಟಾಗುತ್ತದೆ. ಹಿತ್ತಾಳೆ ಫಿಲ್ಟರಿನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಲು ಅದು ಸೊಗಸು. ಇಲ್ಲಿ ಕೊಳವೆ ಕಟ್ಟುತ್ತದೆ.

ಹೊಸದುರ್ಗದಂಥ ಊರಿನಲ್ಲಿ ಯಂತ್ರದ ನಿಜವಾದ ಶತ್ರು ಮಾತ್ರ ನೀರು. ನನ್ನ ಚಿಕ್ಕಪ್ಪನ ಮನೆ ಅದೇ ಸೀಮೆಯಲ್ಲಿ. ಅಲ್ಲಿ ಯಂತ್ರ ತಂದ ದಿನವೇ ಕುಂಕುಮವಿಟ್ಟು, ದೃಷ್ಟಿಯಾಗದಿರಲೆಂದು ಹಬೆಯ ಕೊಳವೆಗೆ ನಿಂಬೆಹಣ್ಣು ಕಟ್ಟಿದರು. ಕೊಳವೆಬಾವಿ ನೀರನ್ನೇ ಹಾಕಿ ಓಡಿಸಿದರು. ಎಂಟನೆಯ ತಿಂಗಳಿಗೆ ಹನಿ ಬೀಳುವುದೂ ನಿಂತಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಉಪ್ಪು ಕಟ್ಟಿದೆ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಅದೇ ಸುಣ್ಣದ ಬಿಳಿ ಪದರ. ಗಡಸು ನೀರು ಕಾದಾಗ ಅದರ ಕ್ಯಾಲ್ಸಿಯಂ ಹೀಗೆ ಕಲ್ಲಾಗುತ್ತದೆ. ಚಿಕ್ಕಮ್ಮ ಅಂದದ್ದು, ‘ಯಾರ ಕಣ್ಣು ಬಿತ್ತೋ!’ ಕಣ್ಣಲ್ಲ ಚಿಕ್ಕಮ್ಮ, ಕ್ಯಾಲ್ಸಿಯಂ. ಹೊರಗೆ ನೇತುಹಾಕಿದ್ದ ನಿಂಬೆಯಲ್ಲಿರುವ ಹುಳಿಯೇ ಒಳಗೆ ಹೋಗಿದ್ದರೆ ಆ ಪದರವನ್ನು ಕರಗಿಸುತ್ತಿತ್ತು! ಹಣ್ಣು ಹಿಂಡಬೇಡಿ, ತಿರುಳು ಸಿಕ್ಕಿಕೊಳ್ಳುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ನೀರಲ್ಲಿ ಕರಗಿಸಿ ಹಾಯಿಸಬಹುದು, ಯಂತ್ರದ ಪುಸ್ತಿಕೆ ಒಪ್ಪಿದರೆ ಮಾತ್ರ. ಅಲ್ಯೂಮಿನಿಯಂ ಬಾಯ್ಲರಾದರೆ ಕೇಳಿಕೊಂಡೇ ಮುಂದುವರಿಯಿರಿ.

ಅದಕ್ಕಿಂತ ಸುಲಭದ ದಾರಿ, ನಾಣ್ಯ ಹಾಕಿ ಕ್ಯಾನು ತುಂಬುವ ಶುದ್ಧ ನೀರಿನ ಘಟಕದ ನೀರು. ಉಪ್ಪು ಕಟ್ಟುವುದಿಲ್ಲ. ಲವಣ ತೀರಾ ಕಡಿಮೆಯಾದರೆ ಕಾಫಿ ಸಪ್ಪೆ, ಆದ್ದರಿಂದ ಒಂದು ಪಾಲು ನಲ್ಲಿ ನೀರು ಬೆರೆಸಿ ರುಚಿ ನೋಡಿಕೊಳ್ಳಿ. ಕರೆಂಟಿನ ವಿಷಯವೂ ಇದೆ. ಇಂಥ ಯಂತ್ರದ ಹೀಟರು ಸಾವಿರ ವಾಟಿಗೂ ಮೇಲೆ ಎಳೆಯುತ್ತದೆ, ಮನೆಯ ಸಾಮಾನ್ಯ ಯುಪಿಎಸ್ ಮೇಲೆ ಹಾಕಬೇಡಿ. ಕರೆಂಟು ನೆಚ್ಚಿಕೊಳ್ಳಲಾಗದ ಮನೆಗೆ ಕೈಯಿಂದ ಒತ್ತುವ ಸನ್ನೆಯ ಯಂತ್ರವೇ ಲೇಸು. ನೀರನ್ನು ಗ್ಯಾಸಿನ ಮೇಲೆ ಕಾಯಿಸಿ, ತೋಳಿನಿಂದ ಒತ್ತಿದರಾಯಿತು. ಅದರಲ್ಲಿ ಕೆಡುವುದಕ್ಕೆ ರಬ್ಬರಿನ ಬಳೆ ಬಿಟ್ಟರೆ ಹೆಚ್ಚೇನೂ ಇಲ್ಲ.

ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಎಲ್ಲರೂ ಕುಡಿಯುವುದು ಹಾಲು ಹಾಕಿದ ಸ್ಟ್ರಾಂಗ್ ಕಾಫಿಯೇ ಆದರೆ ಯಂತ್ರವೇ ಬೇಡ, ಇರುವ ಫಿಲ್ಟರಿಗೆ ತಾಜಾ ಪುಡಿ ತನ್ನಿ. ಮಗ ಕೇಳುವುದಿಲ್ಲ ಎನ್ನುವುದಾದರೆ 20 ಬಾರ್ ಎಂದು ಬರೆದ ಪೆಟ್ಟಿಗೆಯನ್ನು ಅಲ್ಲೇ ಬಿಡಿ. ಅದೇ ವಾರ ಹುರಿದ ಬೀಜ ಕೈಯಲ್ಲಿ ಹಿಡಿದು ಹೋಗಿ, ಅಂಗಡಿಯಲ್ಲೇ ಬೀಸಿ ಒಂದು ಲೋಟ ಇಳಿಸಿಕೊಡಲು ಹೇಳಿ, ಗಡಿಯಾರ ನೋಡಿ. ಇಳಿಸಿಕೊಡಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.