ಸಲಮಾಂಕದಲ್ಲಿ ನಾಲ್ಕು ವಾರ

ಸ್ಪೇನ್ ದೇಶದ ಸಲಮಾಂಕ ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡದ ಮುಂದೆ ಬೇಸಿಗೆಯಲ್ಲಿ ಯಾವ ದಿನ ಹೋದರೂ ಒಂದಷ್ಟು ಜನ ಕತ್ತೆತ್ತಿ ನಿಂತಿರುತ್ತಾರೆ. ಹೊಂಬಣ್ಣದ ಕಲ್ಲಿನ ಆ ಮುಂಭಾಗದ ಗೋಡೆಯ ತುಂಬ ರಾಜರಾಣಿಯರ, ಲಾಂಛನಗಳ, ಬಳ್ಳಿಗಳ, ತಲೆಬುರುಡೆಗಳ ಕೆತ್ತನೆ. ಅವುಗಳ ಪೈಕಿ ಒಂದು ಬುರುಡೆಯ ಮೇಲೆ ಪುಟ್ಟದೊಂದು ಕಪ್ಪೆ ಕುಳಿತಿದೆ. ಯಾರ ಸಹಾಯವೂ ಇಲ್ಲದೆ ಆ ಕಪ್ಪೆಯನ್ನು ಪತ್ತೆ ಹಚ್ಚಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಪಾಸಾಗುತ್ತಾನೆಂಬುದು ಅಲ್ಲಿನ ನಂಬಿಕೆ.

ಹಾಗೆ ಕಪ್ಪೆ ಹುಡುಕುವವರಲ್ಲಿ ಅನೇಕರು ಪರದೇಶದವರು. ಎರಡು ವಾರಕ್ಕೋ ನಾಲ್ಕು ವಾರಕ್ಕೋ ಸ್ಪ್ಯಾನಿಷ್ ಭಾಷೆ ಕಲಿಯಲೆಂದು ಬಂದವರು. ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲೂ ಇಂಥ ಬೇಸಿಗೆ ಕೋರ್ಸಿನ ಆಸೆ ಇಟ್ಟುಕೊಂಡವರಿದ್ದಾರೆ. ವಿಮಾನದ ಟಿಕೆಟ್ಟು, ಕೋರ್ಸಿನ ಶುಲ್ಕ, ಊಟ-ವಸತಿ ಎಲ್ಲ ಸೇರಿ ಲಕ್ಷಗಟ್ಟಲೆ ರೂಪಾಯಿ ಬೇಡುವ ಈ ಪ್ರಯಾಣದ ಮಾತು ಬಂದಾಗ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ನಾಲ್ಕು ವಾರದಲ್ಲಿ ಒಂದು ಭಾಷೆ ಬರುತ್ತದೆಯೇ?

ಬರುವುದಿಲ್ಲ. ಹಾಗಿದ್ದರೂ ಆ ನಾಲ್ಕು ವಾರ ವ್ಯರ್ಥವಲ್ಲ. ಆದರೆ ಅದರ ಫಲ ಬಹುಮಟ್ಟಿಗೆ ನಿಂತಿರುವುದು ಹೊರಡುವ ಮುಂಚೆ ಮನೆಯಲ್ಲಿ ಮಾಡಿದ ಕೆಲಸ ಮತ್ತು ಮರಳಿದ ಮೇಲೆ ಮಾಡುವ ಕೆಲಸದ ಮೇಲೆ.

ಗಂಟೆಗಳ ಲೆಕ್ಕ

ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಪಾಠ. ಅಂದರೆ ನಾಲ್ಕು ವಾರಕ್ಕೆ 80 ಪಾಠ. ಒಂದು ಪಾಠವೆಂದರೆ ಪೂರ್ತಿ 60 ನಿಮಿಷವಾದರೆ ಅದು 80 ಗಂಟೆ; 45 ನಿಮಿಷವಾದರೆ ಬರೀ 60 ಗಂಟೆ. ಶುಲ್ಕ ಕಟ್ಟುವ ಮುನ್ನ ಕೇಳಿ ತಿಳಿಯಬೇಕಾದ ಮೊದಲ ಸಂಗತಿಯೇ ಇದು.

ಯೂರೋಪಿನಲ್ಲಿ ಭಾಷಾ ಸಾಮರ್ಥ್ಯವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಅಕ್ಷರವೂ ತಿಳಿಯದೆ ಹೋದ ವಿದ್ಯಾರ್ಥಿ 80 ಗಂಟೆಯಲ್ಲಿ ಮೊದಲ ಮೆಟ್ಟಿಲು ಹತ್ತಿ, ಬಹಳವೆಂದರೆ ಎರಡನೆಯದಕ್ಕೆ ಕಾಲಿಟ್ಟಾನು. ತನ್ನ ಹೆಸರು ಹೇಳುವುದು, ದಾರಿ ಕೇಳುವುದು, ಅಂಗಡಿಯಲ್ಲಿ ಬೆಲೆ ವಿಚಾರಿಸುವುದು ಇಷ್ಟು ಬಂದೀತು. ಇಷ್ಟನ್ನೇ ಕಲಿಯಲು ಸಾವಿರಾರು ಮೈಲಿ ಹೋಗಬೇಕಿಲ್ಲ.

ಈಗ ಲೆಕ್ಕದ ಇನ್ನೊಂದು ಭಾಗವನ್ನು ನೋಡೋಣ. ದಿನಕ್ಕೆ ಎಂಟು ಗಂಟೆ ನಿದ್ರೆ ಕಳೆದರೆ 28 ದಿನಗಳಲ್ಲಿ ಎಚ್ಚರವಾಗಿರುವ ಸಮಯ 448 ಗಂಟೆ. ತರಗತಿಯ 80 ಗಂಟೆ ತೆಗೆದರೆ ಉಳಿಯುವುದು 368. ಪರದೇಶಕ್ಕೆ ಹೋದವನು ನಿಜವಾಗಿ ಹಣ ತೆತ್ತಿರುವುದು ಈ 368 ಗಂಟೆಗಳಿಗೆ. ಬೇಕರಿಯಲ್ಲಿ, ಬಸ್ಸಿನಲ್ಲಿ, ಊಟದ ಮೇಜಿನ ಸುತ್ತ ಸುತ್ತಮುತ್ತಲಿನವರೆಲ್ಲ ಅದೇ ಭಾಷೆ ಆಡುವ ಸನ್ನಿವೇಶ ಬೆಂಗಳೂರಿನ ಯಾವ ತರಗತಿಯಲ್ಲೂ ಸಿಗದು. ಆದರೆ ಆ ಮಾತನ್ನು ಹಿಡಿಯಲು ಬೇಕಾದ ಅಲ್ಪಸ್ವಲ್ಪ ಬಂಡವಾಳ ಮೊದಲೇ ಕೈಯಲ್ಲಿರಬೇಕು. ಏನೂ ತಿಳಿಯದವನಿಗೆ ಆ ಗಂಟೆಗಳು ಬರಿಯ ಗದ್ದಲ.

ಯಾವ ಊರು?

ಸ್ಪ್ಯಾನಿಷ್ ಇಂದು 20 ಸ್ವತಂತ್ರ ರಾಷ್ಟ್ರಗಳ ಅಧಿಕೃತ ಭಾಷೆ; ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಕಲಿಯಲು ಮೆಕ್ಸಿಕೊ, ಕೊಲಂಬಿಯ, ಅರ್ಜೆಂಟೀನಗಳಿಗೂ ಹೋಗುವವರಿದ್ದಾರೆ. ಸ್ಪೇನಿಗೇ ಹೋಗುವುದಾದರೆ ಊರಿನ ಆಯ್ಕೆಯಲ್ಲಿ ಎಚ್ಚರ ಬೇಕು. ಬಾರ್ಸಿಲೋನ ಬಲು ಸುಂದರ ನಗರ. ಆದರೆ ಅಲ್ಲಿ ಬೀದಿಯ ಫಲಕಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ಕತಲಾನ್ ಭಾಷೆಯೂ ಬಳಕೆಯಲ್ಲಿದೆ. ಸಾನ್ ಸೆಬಾಸ್ಟಿಯನ್ನಿನಲ್ಲಿ ಬಾಸ್ಕ್ ಭಾಷೆ, ಗಲೀಸಿಯಾದಲ್ಲಿ ಗಲೀಸಿಯನ್. ಹೊಸದಾಗಿ ಕಲಿಯುವವರಿಗೆ ಇದು ಗೊಂದಲವಾದೀತು. ಸಲಮಾಂಕ, ಬುರ್ಗೋಸ್, ವಲ್ಯಾದೋಲಿದ್‌ನಂಥ ಒಳನಾಡಿನ ಮಧ್ಯಮ ಗಾತ್ರದ ಊರುಗಳಲ್ಲಿ ಕಿವಿಗೆ ಬೀಳುವುದು ಸ್ಪ್ಯಾನಿಷ್ ಒಂದೇ.

ಮ್ಯಾಡ್ರಿಡ್‌ನಿಂದ ಸುಮಾರು 200 ಕಿ.ಮೀ. ದೂರದ ಸಲಮಾಂಕಕ್ಕೆ ಈ ವಿಷಯದಲ್ಲಿ ದೊಡ್ಡ ಇತಿಹಾಸವಿದೆ. ಅಲ್ಲಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1218ರಲ್ಲಿ. ಅಲ್ಲಿ ಅಧ್ಯಾಪಕನಾಗಿದ್ದ ಆಂತೋನಿಯೊ ದೆ ನೆಬ್ರಿಖಾ ಎಂಬ ವಿದ್ವಾಂಸ 1492ರ ಆಗಸ್ಟ್‌ನಲ್ಲಿ ಸ್ಪ್ಯಾನಿಷ್ ಭಾಷೆಯ ವ್ಯಾಕರಣವನ್ನು ಅದೇ ಊರಿನಲ್ಲಿ ಅಚ್ಚು ಹಾಕಿಸಿದ. ಕೊಲಂಬಸ್ ಅಟ್ಲಾಂಟಿಕ್ ದಾಟಿ ನೆಲ ಕಾಣಲು ಆಗ ಇನ್ನೂ ಎರಡು ತಿಂಗಳಿತ್ತು. ಆ ವ್ಯಾಕರಣದ ಐದನೆಯ ಭಾಗವನ್ನು ನೆಬ್ರಿಖಾ ಮೀಸಲಿಟ್ಟದ್ದು ಬೇರೆ ಮಾತೃಭಾಷೆಯವರು ಸ್ಪ್ಯಾನಿಷ್ ಕಲಿಯಲೆಂದೇ. ಪರಭಾಷಿಕರಿಗೆ ಪಾಠ ಹೇಳುವ ಯೋಚನೆ ಈ ಊರಿನಲ್ಲಿ ಐದು ಶತಮಾನಕ್ಕೂ ಹಳೆಯದು.

ಇಲ್ಲಿಯೂ ಒಂದು ಅಪಾಯವಿದೆ. ಪರದೇಶದ ವಿದ್ಯಾರ್ಥಿಗಳು ಹೆಚ್ಚಿದ್ದಷ್ಟೂ ತರಗತಿ ಮುಗಿದ ಕೂಡಲೇ ಅವರೆಲ್ಲ ಗುಂಪುಗೂಡಿ ಇಂಗ್ಲಿಷಿನಲ್ಲಿ ಹರಟೆಗೆ ತೊಡಗುತ್ತಾರೆ. ನಮ್ಮವರೇ ಇಬ್ಬರು ಸಿಕ್ಕರಂತೂ ಮುಗಿಯಿತು. 368 ಗಂಟೆ ಕರಗುವುದು ಹೀಗೆಯೇ. ಆದ್ದರಿಂದ ವಿದ್ಯಾರ್ಥಿನಿಲಯಕ್ಕಿಂತ ಸ್ಥಳೀಯರ ಮನೆಯಲ್ಲಿ ಉಳಿಯುವ ವ್ಯವಸ್ಥೆಯೇ ಮೇಲು.

ಎರಡೂವರೆಗೆ ನಡುಹಗಲು

ಹಾಗೆ ಒಂದು ಮನೆಯಲ್ಲಿ ಉಳಿದ ವಿದ್ಯಾರ್ಥಿನಿಯ ಜುಲೈ ತಿಂಗಳ ಒಂದು ದಿನವನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ಒಂಬತ್ತರಿಂದ ಒಂದು ಗಂಟೆಯವರೆಗೆ ತರಗತಿ. ಹಸಿದು ಮನೆಗೆ ಬಂದರೆ ಊಟ ಎರಡು-ಎರಡೂವರೆಗೆ. ರಾತ್ರಿಯೂಟ ಒಂಬತ್ತೂವರೆಗೆ, ಆಗಲೂ ಹೊರಗೆ ಬೆಳಕು. ಇದೆಂಥ ಸೋಮಾರಿ ಪದ್ಧತಿ ಎಂದು ಮೊದಲ ವಾರ ಅನಿಸುವುದು ಸಹಜ.

ಕಾರಣ ಗಡಿಯಾರದಲ್ಲಿದೆ. ಸಲಮಾಂಕ ಇರುವುದು ಗ್ರೀನಿಚ್ ರೇಖೆಯಿಂದ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಆದರೆ ಸ್ಪೇನ್ 1940ರಿಂದ ಮಧ್ಯ ಯೂರೋಪಿನ ವೇಳೆಯನ್ನು ಅನುಸರಿಸುತ್ತಿದೆ. ಬೇಸಿಗೆಯಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಜುಲೈನಲ್ಲಿ ಅಲ್ಲಿ ಸೂರ್ಯ ಅತಿ ಎತ್ತರಕ್ಕೇರುವುದು ಗಡಿಯಾರದ ಪ್ರಕಾರ ಸುಮಾರು ಎರಡೂವರೆಗೆ. ಗಡಿಯಾರ ಏನೇ ಹೇಳಲಿ, ಮನೆಯೊಡತಿ ಊಟಕ್ಕಿಡುವುದು ಸೂರ್ಯನ ನಡುಹಗಲಿಗೇ! ಹಗಲು ಬಿಸಿಲು ಚುರುಗುಟ್ಟಿದರೂ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಊರಿನಲ್ಲಿ ರಾತ್ರಿ ತಂಪು. ಸಂಜೆಯಾದರೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಊರ ನಡುವಿನ ಚೌಕವಾದ ಪ್ಲಾಥಾ ಮಯೋರ್‌ಗೆ ಬರುತ್ತಾರೆ.

ಆ ದಿನದಲ್ಲಿ ನಿಜವಾದ ಪಾಠ ನಡೆಯುವುದು ಊಟದ ಹೊತ್ತಿಗೆ. ನಮ್ಮ ಸಸ್ಯಾಹಾರಿ ಮಕ್ಕಳಿಗೆ ಇದು ಪರೀಕ್ಷೆಯೂ ಹೌದು. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಮೀನು, ಒಣಗಿಸಿದ ಹಂದಿಮಾಂಸಗಳನ್ನು ಹಲವರು ಆ ಮಾತಿನೊಳಗೆ ಸೇರಿಸುವುದಿಲ್ಲ. ‘ಲೆಂತೇಖಾಸ್’ ಎಂಬ ಬೇಳೆಯ ಅಡಿಗೆ ನಮ್ಮ ಹುಳಿಯನ್ನು ನೆನಪಿಸಿದರೂ ಅದರಲ್ಲಿ ಹಂದಿಮಾಂಸದ ತುಂಡು ಬಿದ್ದಿರುವುದು ವಾಡಿಕೆ. ‘ತೊರ್ತೀಯ’ ಎಂಬ ಆಲೂಗಡ್ಡೆಯ ದಪ್ಪ ದೋಸೆಯಲ್ಲಿ ಮೊಟ್ಟೆ ಇರುತ್ತದೆ. ‘ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಖಮೋನ್’, ಅಂದರೆ ಮಾಂಸವೂ ಬೇಡ, ಮೀನೂ ಬೇಡ, ಹಂದಿಯ ತೊಡೆಯೂ ಬೇಡ ಎಂಬ ವಾಕ್ಯವನ್ನು ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿರುವುದು ಕ್ಷೇಮ. ಹಸಿವು ಕಲಿಸಿದ ಮಾತು ಮರೆಯುವುದಿಲ್ಲ.

ಕನ್ನಡದ ಕಿವಿಗೆ

ಕನ್ನಡ ಮಾತಾಡುವವರಿಗೆ ಈ ಭಾಷೆ ಇಂಗ್ಲಿಷಿನವರಿಗಿರುವಷ್ಟು ದೂರವಲ್ಲ. ಬರೆದಂತೆಯೇ ಓದುವುದು ಬಹುಮಟ್ಟಿಗೆ ಅಲ್ಲಿಯೂ ನಿಯಮ. ಸ್ವರಗಳು ಅ, ಎ, ಇ, ಒ, ಉ ಎಂಬ ಐದು. ಇಂಗ್ಲಿಷಿನವರು ತಡವರಿಸುವ ತ, ದ ಧ್ವನಿಗಳು ನಮ್ಮ ನಾಲಿಗೆಗೆ ಸಲೀಸು. ‘ಪೆರೊ’ ಎಂದರೆ ‘ಆದರೆ’. ಅದೇ ರಕಾರವನ್ನು ಒತ್ತಿ ಉರುಳಿಸಿದರೆ ‘ನಾಯಿ’. ಹಳಗನ್ನಡದಲ್ಲಿ ಎರಡು ಬಗೆಯ ರಕಾರವಿದ್ದುದನ್ನು ಓದಿದವರಿಗೆ ಇದು ಬೆರಗೇನಲ್ಲ.

ವಾಕ್ಯರಚನೆಯಲ್ಲೂ ನಂಟು ಕಾಣುತ್ತದೆ. ‘ನಾನು’ ಎನ್ನದೆ ‘ಮಾತಾಡುತ್ತೇನೆ’ ಎಂದರೆ ನಮಗೆ ಸಾಕು. ಅಲ್ಲಿಯೂ ‘ಆಬ್ಲೊ’ ಎಂದರೆ ಸಾಕು. ‘ನನಗೆ ಕಾಫಿ ಇಷ್ಟ’ ಎಂಬುದಕ್ಕೆ ‘ಮೆ ಗುಸ್ತಾ ಎಲ್ ಕಫೆ’. ಇಲ್ಲಿನ ‘ಮೆ’ ನಮ್ಮ ‘ನನಗೆ’. ಇಂಗ್ಲಿಷಿನ ಜಾಡಿನಲ್ಲಿ ಯೋಚಿಸಿದವರು ಎಡವುವುದು ಇಲ್ಲಿಯೇ. ಇರುವಿಕೆಯನ್ನು ಹೇಳುವ ‘ಎಸ್’, ‘ಎಸ್ತಾ’ ಎಂಬ ಎರಡು ಕ್ರಿಯಾಪದಗಳೂ ಹಾಗೆಯೇ. ‘ಅವರು ಡಾಕ್ಟರು’ ಎನ್ನುವಾಗ ಕನ್ನಡಕ್ಕೆ ‘ಇದ್ದಾರೆ’ ಬೇಡ. ಅಲ್ಲಿ ‘ಎಸ್’ ಬಳಕೆ. ‘ಅವರು ಮನೆಯಲ್ಲಿದ್ದಾರೆ’, ‘ಸಾರು ತಣ್ಣಗಿದೆ’ ಎನ್ನುವಾಗ ‘ಇರು’ ಬರುತ್ತದೆ, ಅಲ್ಲಿ ‘ಎಸ್ತಾ’. ಎಲ್ಲ ಕಡೆ ಈ ಹೋಲಿಕೆ ನಡೆಯದಿದ್ದರೂ ಆರಂಭಕ್ಕೆ ಒಳ್ಳೆಯ ಊರುಗೋಲು.

ಕಷ್ಟವೂ ಇದೆ. ನಮ್ಮಲ್ಲಿ ಮೇಜು, ಪುಸ್ತಕ ಎರಡೂ ನಪುಂಸಕಲಿಂಗ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ‘ತು’, ‘ಉಸ್ತೆದ್’ ಎಂಬ ಪದಗಳು ನೀನು, ನೀವು ಇದ್ದಂತೆ ಎನ್ನುತ್ತಾರೆ. ಆದರೆ ಇಂದಿನ ಸ್ಪೇನಿನಲ್ಲಿ ಮೇಷ್ಟರನ್ನೂ ಮನೆಯೊಡತಿಯನ್ನೂ ‘ತು’ ಎನ್ನುವುದೇ ಸಾಮಾನ್ಯ. ಹಿರಿಯರನ್ನು ಏಕವಚನದಲ್ಲಿ ಕರೆಯಲು ನಮ್ಮ ಮಕ್ಕಳ ನಾಲಿಗೆ ಹಿಂಜರಿಯುತ್ತದೆ. ‘ಉಸ್ತೆದ್’ ಎಂದೇ ಆರಂಭಿಸಿ, ಅವರೇ ಬೇಡವೆಂದಾಗ ಬಿಟ್ಟರಾಯಿತು.

ಇನ್ನೊಂದು ಸ್ವಾರಸ್ಯವುಂಟು. ಸಕ್ಕರೆಗೆ ಅಲ್ಲಿ ‘ಅಥೂಕರ್’, ಕಿತ್ತಳೆಗೆ ‘ನರಾಂಖಾ’, ಚದುರಂಗಕ್ಕೆ ‘ಅಖೆದ್ರೆಥ್’. ಸಂಸ್ಕೃತದ ಶರ್ಕರಾ, ನಾರಂಗ, ಚತುರಂಗಗಳೇ ಪರ್ಷಿಯನ್, ಅರಬ್ಬಿ ಭಾಷೆಗಳ ಮೂಲಕ ಹಾದು ಸ್ಪೇನ್ ಮುಟ್ಟಿ ಹೀಗೆ ವೇಷ ಬದಲಿಸಿವೆ.

ಹೊರಡುವ ಮುನ್ನ

ಬೇಸಿಗೆ ಎಂಬ ಮಾತಿನಲ್ಲೇ ಒಂದು ತೊಡಕಿದೆ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಸ್ಪೇನಿನ ಬೇಸಿಗೆ ಜೂನ್‌ನಿಂದ ಆಗಸ್ಟ್‌ವರೆಗೆ. ಹೈಸ್ಕೂಲಿನ ಮಕ್ಕಳು ರಜೆಯಲ್ಲಿ ಹೋದರೆ ಅಲ್ಲಿ ಇನ್ನೂ ವಸಂತ, ಬೆಳಗಿನ ಚಳಿಗೆ ಸ್ವೆಟರ್ ಬೇಕು. ಸೆಮಿಸ್ಟರ್ ಮುಗಿಸಿ ಜೂನ್-ಜುಲೈನಲ್ಲಿ ಬಿಡುವಾಗುವ ಪದವಿ ವಿದ್ಯಾರ್ಥಿಗಳಿಗೆ ಈ ಕೋರ್ಸು ಹೆಚ್ಚು ಹೊಂದುತ್ತದೆ.

90 ದಿನಗಳೊಳಗಿನ ವಾಸಕ್ಕೆ ಷೆಂಗೆನ್ ಅಲ್ಪಾವಧಿ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ಕಡಿಮೆಯೆಂದರೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹದಿನೆಂಟು ತುಂಬದವರಿಗೆ ತಂದೆತಾಯಿಯರ ಒಪ್ಪಿಗೆ ಪತ್ರ ಬೇಕು.

ಶಾಲೆ ಆರಿಸುವಾಗ ಅದಕ್ಕೆ ಇನ್‌ಸ್ಟಿಟ್ಯೂಟೊ ಸರ್ವಾಂಟಿಸ್‌ನ ಮಾನ್ಯತೆ ಇದೆಯೇ ಎಂದು ನೋಡಬೇಕು. ಸ್ಪ್ಯಾನಿಷ್ ಭಾಷೆಯ ಪ್ರಚಾರಕ್ಕಾಗಿ 1991ರಲ್ಲಿ ಸ್ಥಾಪಿತವಾದ ಸ್ಪೇನ್ ಸರಕಾರದ ಸಂಸ್ಥೆ ಅದು. ನವದೆಹಲಿಯಲ್ಲೂ ಅದರ ಕೇಂದ್ರವಿದೆ. ಕೋರ್ಸಿನ ಕೊನೆಗೆ ಶಾಲೆ ಕೊಡುವ ಪ್ರಮಾಣಪತ್ರ ಬೇರೆ, ಈ ಸಂಸ್ಥೆ ನಡೆಸುವ ‘ಡೆಲೆ’ ಪರೀಕ್ಷೆಯ ಡಿಪ್ಲೊಮಾ ಬೇರೆ. ಮೊದಲನೆಯದು ಹಾಜರಾತಿಗೆ ಸಾಕ್ಷಿ. ಎರಡನೆಯದು ಸಾಮರ್ಥ್ಯಕ್ಕೆ ಸಾಕ್ಷಿ, ಅದಕ್ಕೆ ಅವಧಿಯ ಮಿತಿಯಿಲ್ಲ. ಮುಂದೆ ಉದ್ಯೋಗಕ್ಕೋ ಉನ್ನತ ವ್ಯಾಸಂಗಕ್ಕೋ ಬೇಕಾದೀತೆಂಬ ಲೆಕ್ಕವಿದ್ದವರು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಭಾಷೆಯದೇ. ಮೊದಲ ದಿನ ಶಾಲೆಯಲ್ಲಿ ಒಂದು ಪರೀಕ್ಷೆ ಮಾಡಿ ತಕ್ಕ ತರಗತಿಗೆ ಸೇರಿಸುತ್ತಾರೆ. ಇಲ್ಲಿಯೇ ನಾಲ್ಕಾರು ತಿಂಗಳು ವಾರಕ್ಕೆ ಮೂರು ಗಂಟೆಯಂತೆ ಕಲಿತು ಎ1 ಮಟ್ಟ ಮುಟ್ಟಿದವನು ಅಲ್ಲಿ ನೇರವಾಗಿ ಎರಡನೆಯ ಮೆಟ್ಟಿಲಿನಲ್ಲಿ ಕೂರುತ್ತಾನೆ. ಮನೆಯೊಡತಿಯ ಮಾತಿನಲ್ಲಿ ಹತ್ತರಲ್ಲಿ ನಾಲ್ಕು ಪದ ಹಿಡಿದರೂ ಐದನೆಯದನ್ನು ಊಹಿಸಿಯಾನು. ಅದೇ ಹಣ, ಅದೇ ನಾಲ್ಕು ವಾರ, ಎರಡು ಪಟ್ಟು ಲಾಭ. ಆ ನಾಲ್ಕಾರು ತಿಂಗಳ ಪಾಠ ಬೇಸರ ತಂದರೆ ಪ್ರಯಾಣದ ಆಸೆ ಭಾಷೆಯದೋ ಬರೀ ತಿರುಗಾಟದ್ದೋ ಎಂಬುದೂ ಮನೆಯಲ್ಲೇ ಗೊತ್ತಾಗುತ್ತದೆ. ತಿರುಗಾಟವೇ ಆದರೂ ತಪ್ಪಲ್ಲ, ಆದರೆ ಅದಕ್ಕೆ ಕೋರ್ಸಿನ ಶುಲ್ಕ ಕಟ್ಟಬೇಕಿಲ್ಲ.

ಮರಳಿದ ಮೇಲೆ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಆರಂಭದಲ್ಲಿ ಅತಿ ವೇಗ, ಆಮೇಲೆ ನಿಧಾನ ಎಂಬುದು ಅವನು ಕಂಡದ್ದು. ಕಲಿತದ್ದನ್ನು ನಡುನಡುವೆ ಬಿಡುವು ಕೊಟ್ಟು ಮತ್ತೆ ಓದಿದರೆ ಹೆಚ್ಚು ನಿಲ್ಲುತ್ತದೆಂಬುದನ್ನೂ ಅವನು ತೋರಿಸಿದ.

ಪರದೇಶದ ಕೋರ್ಸು ಮುಗಿಸಿ ಬಂದವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಬಂದ ಹೊಸತರಲ್ಲಿ ಫೋಟೊ ತೋರಿಸುವ, ನೆಂಟರ ಮನೆಗೆ ಹೋಗುವ ಸಡಗರ. ಅಷ್ಟರಲ್ಲಿ ಕಾಲೇಜು ಶುರು. ಪದಗಳು ಸೋರಿಹೋಗುವುದು ಆ ವಾರಗಳಲ್ಲೇ. ಆದ್ದರಿಂದ ಕೋರ್ಸಿನ ವೇಳಾಪಟ್ಟಿಯನ್ನು ನಾಲ್ಕು ವಾರಕ್ಕೆ ನಿಲ್ಲಿಸದೆ ಮುಂದಿನ ಮೂರು ತಿಂಗಳಿಗೂ ಹಾಕಿಕೊಳ್ಳಬೇಕು. ದಿನಕ್ಕೆ ಅರ್ಧ ಗಂಟೆ ಓದು, ವಾರಕ್ಕೊಮ್ಮೆ ಅಲ್ಲಿನ ಮನೆಯವರೊಂದಿಗೆ ಫೋನಿನಲ್ಲಿ ಮಾತು, ಅವರಿಗೊಂದು ಪತ್ರ, ಡೆಲೆ ಪರೀಕ್ಷೆಗೊಂದು ದಿನಾಂಕ ಇಷ್ಟಿದ್ದರೆ ಖರ್ಚಾದ ಹಣ ಉಳಿಯುತ್ತದೆ.

ತಂದೆತಾಯಿಯರು ಇದರಲ್ಲಿ ಪಾಲುಗೊಳ್ಳಲು ಸ್ಪ್ಯಾನಿಷ್ ತಿಳಿದಿರಬೇಕಿಲ್ಲ. ವಿಮಾನದ ಟಿಕೆಟ್ಟು ತೆಗೆಯುವ ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ‘ಹೋಗುವ ಮುಂಚಿನ ಮೂರು ತಿಂಗಳು, ಬಂದ ಮೇಲಿನ ಮೂರು ತಿಂಗಳು ಏನು ಮಾಡುತ್ತೀಯ, ಬರೆದು ಕೊಡು’ ಎಂದು ಕೇಳಿದರೆ ಸಾಕು. ಆ ಕಾಗದ ತೃಪ್ತಿಕರವಾಗಿದ್ದರೆ ಧೈರ್ಯವಾಗಿ ಕಳಿಸಬಹುದು.