ಗಲ್ಲೆ ಬಿಟ್ಟು ಓಡಿದ ಕಥೆ

ಹೋಟೆಲ್ ಮಿತ್ರರೇ, ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುವ ನಮಗೆ ಬೇರೆ ವ್ಯಾಯಾಮ ಯಾಕೆ ಎಂದು ನಾನೂ ಕೇಳುತ್ತಿದ್ದವನೇ. ನಮ್ಮ ತಂದೆಯವರು 54ನೇ ವಯಸ್ಸಿನಲ್ಲಿ ಗಲ್ಲೆಯಲ್ಲಿ ಕುಳಿತಲ್ಲೇ ಹೃದಯಾಘಾತದಿಂದ ತೀರಿಕೊಂಡರು. ನನಗೆ ಐವತ್ತಕ್ಕೇ ಸಕ್ಕರೆ ಕಾಯಿಲೆ ಬಂತು. ಆಗ ಹೆದರಿಕೆಯಾಯಿತು.

ಡಾಕ್ಟರನ್ನು ಕೇಳಿ, ಬೆಳಿಗ್ಗೆ ಶಿವಾಜಿ ಪಾರ್ಕಿನಲ್ಲಿ ನಡೆಯತೊಡಗಿದೆ. ಮೂರು ತಿಂಗಳ ಮೇಲೆ ನಿಧಾನವಾಗಿ ಓಟ. ಎಲ್ಲರೂ ಭಾನುವಾರ ದೂರ ಓಡುತ್ತಾರೆ. ನಮಗೆ ಅದು ಗಿರಾಕಿಗಳ ದಿನ. ನಾನು ಮಂಗಳವಾರ ಓಡಿದೆ.

ಮುಂಬಯಿ ಮ್ಯಾರಥಾನ್ 2004ರಲ್ಲಿ ಆರಂಭವಾದದ್ದು, ದೂರ 42.195 ಕಿ.ಮೀ. ಮೊದಲ ಸಲ ಮರೀನ್ ಡ್ರೈವಿನಲ್ಲಿ ಹುಮ್ಮಸ್ಸಿನಿಂದ ಜೋರಾಗಿ ಓಡಿದೆ. ಹಿಂದಿರುಗುವಾಗ, 30 ಕಿ.ಮೀ. ದಾಟಿದ ಮೇಲೆ, ಪೆಡ್ಡರ್ ರೋಡಿನ ಏರು ಹತ್ತಲಾಗದೆ ಕುಳಿತುಬಿಟ್ಟೆ. ದಿನಕ್ಕಾಗುವ ದೋಸೆ ಹಿಟ್ಟನ್ನು ಬೆಳಗಿನ ತಿಂಡಿಗೇ ಖಾಲಿ ಮಾಡಿದ ಹಾಗಾಗಿತ್ತು. ಮರುವರ್ಷ ನಿಧಾನವಾಗಿ ಹೊರಟು, ಜೇಬಿನಲ್ಲಿ ಖರ್ಜೂರ ಇಟ್ಟುಕೊಂಡು, 5 ಗಂಟೆ 50 ನಿಮಿಷಕ್ಕೆ ಮುಗಿಸಿದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಓಡಬೇಡಿ. ಸಕ್ಕರೆ ಒಮ್ಮೆಲೇ ಇಳಿದೀತು.

ನಾನು ಓಡುವ ಹೊತ್ತಿಗೆ ಗಲ್ಲೆ ನೋಡಿಕೊಳ್ಳುವವನು ಮಗ. ಹೋಟೆಲೇನೂ ಮುಳುಗಲಿಲ್ಲ. ನನಗೀಗ 55. ನೀವೂ ನಾಳೆ ಅರ್ಧ ಗಂಟೆ ಗಲ್ಲೆ ಬಿಟ್ಟು ಏಳಿ.