ದೂರು ಕೇಳುವ ಕಿವಿ: ಸಭಾಪಾಲಕರ ದೌರ್ಜನ್ಯ ಮತ್ತು ಸಭಾನಾಯಕತ್ವದ ಹೊಣೆ

ಸಭಾಪಾಲಕನೊಬ್ಬನು ತನ್ನ ವಶಕ್ಕೆ ಒಪ್ಪಿಸಲ್ಪಟ್ಟವರಿಗೆ ಕೇಡು ಮಾಡಿದನೆಂಬ ದೂರು ಬಂದಾಗ ಸಭೆಯ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಆ ದೂರು ನಿಜವೇ ಎಂಬುದು ಮೊದಲನೆಯದು. ಅದನ್ನು ಕೇಳಿಸಿಕೊಂಡವರು ಏನು ಮಾಡಿದರು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ವಿಚಾರಣೆ, ಸಾಕ್ಷ್ಯ, ಸಮಯ ಬೇಕು. ಎರಡನೆಯದಕ್ಕೆ ಉತ್ತರ ದೂರು ಬಂದ ದಿನವೇ ಆರಂಭವಾಗುತ್ತದೆ. ಈ ಲೇಖನದಲ್ಲಿ ನಾವು ವಿಚಾರಮಾಡುವುದು ಎರಡನೆಯ ಪ್ರಶ್ನೆಯನ್ನು. ನೊಂದವರಲ್ಲಿ ಅನೇಕರು ಹೇಳುವ ಮಾತೊಂದಿದೆ: ಮೊದಲ ಗಾಯವನ್ನು ಮಾಡಿದವನು ಒಬ್ಬ ಮನುಷ್ಯ, ಎರಡನೆಯ ಗಾಯವನ್ನು ಮಾಡಿದ್ದು ಸಭೆಯ ಮೌನ.

ದೌರ್ಜನ್ಯದ ಸ್ವರೂಪ

ದೌರ್ಜನ್ಯವೆಂದರೆ ಲೈಂಗಿಕ ಅಪರಾಧ ಮಾತ್ರವೆಂದು ತಿಳಿಯುವುದು ಸರಿಯಲ್ಲ. ಅಧಿಕಾರದ ಬಲದಿಂದ ಇನ್ನೊಬ್ಬರ ದೇಹ, ಮನಸ್ಸಾಕ್ಷಿ, ಹಣ ಅಥವಾ ಮಾನವನ್ನು ತನ್ನ ಇಚ್ಛೆಗೆ ಬಗ್ಗಿಸಿಕೊಳ್ಳುವುದೆಲ್ಲವೂ ದೌರ್ಜನ್ಯವೇ. ಪ್ರಸಂಗಪೀಠದಿಂದ ಒಂದು ಕುಟುಂಬವನ್ನು ಹೆಸರಿಸದೆ ಹೆಸರಿಸಿ ಅವಮಾನಿಸುವುದು, ಪ್ರಶ್ನೆ ಕೇಳಿದವರ ಮನೆಯ ಮದುವೆಗೋ ಶವಸಂಸ್ಕಾರಕ್ಕೋ ಬಾರದಿರುವುದು, ದೀಕ್ಷಾಸ್ನಾನದ ಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆಯಿಸುವುದು, ಶಾಪದ ಭಯ ಹುಟ್ಟಿಸಿ ಕಾಣಿಕೆ ಕೀಳುವುದು, ಆಪ್ತಸಲಹೆಯ ಏಕಾಂತವನ್ನು ದುರುಪಯೋಗ ಮಾಡಿಕೊಳ್ಳುವುದು, ಇವೆಲ್ಲವೂ ಒಂದೇ ಬೇರಿನ ಕೊಂಬೆಗಳು.

ಪಾಲಕನ ಅಧಿಕಾರ ಎಷ್ಟು ಆಳವಾಗಿದೆ ಎಂಬುದನ್ನು ನಾವು ಪಾದ್ರಿಗಳು ಸುಲಭವಾಗಿ ಮರೆಯುತ್ತೇವೆ. ಜ್ಞಾನಸ್ನಾನದ, ಮದುವೆಯ, ಸಮಾಧಿಯ ದಾಖಲೆ ಪುಸ್ತಕಗಳು ನಮ್ಮ ಕಪಾಟಿನಲ್ಲಿರುತ್ತವೆ. ಮಗುವನ್ನು ಮಿಷನ್ ಶಾಲೆಗೆ ಸೇರಿಸಲು ನಮ್ಮ ಪತ್ರ ಬೇಕಾಗುತ್ತದೆ. ಸಾಯುವವರ ಹಾಸಿಗೆಯ ಬಳಿಗೆ ನಮ್ಮನ್ನು ಕರೆಯುತ್ತಾರೆ. ಹೀಗೆ ಹುಟ್ಟಿನಿಂದ ಸಾವಿನವರೆಗೆ ಒಬ್ಬರ ಕೈಯಲ್ಲಿ ಇಷ್ಟೆಲ್ಲ ಇರುವಾಗ, ಅವರ ವಿರುದ್ಧ ಬಾಯಿ ತೆರೆಯುವವನು ಎಷ್ಟನ್ನು ಪಣಕ್ಕೊಡ್ಡುತ್ತಾನೆ ಎಂಬುದನ್ನು ಅರಿಯದೆ ದೂರಿನ ಬೆಲೆ ತಿಳಿಯದು.

ದೂರು ಎಲ್ಲಿ ನಿಲ್ಲುತ್ತದೆ

ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಈ ಊರುಗಳ ಯಾವುದೇ ಸಭೆಯನ್ನಾಗಲಿ ವ್ಯಕ್ತಿಯನ್ನಾಗಲಿ ಕುರಿತು ನಾವು ಇಲ್ಲಿ ಹೇಳುತ್ತಿಲ್ಲ. ಸಣ್ಣ ಊರಿನ ಸಭಾಜೀವನದ ರಚನೆಯನ್ನು ತಿಳಿಯಲು ಇವು ಒಳ್ಳೆಯ ಮಾದರಿಗಳು. ಇಂಥ ಕಡೆಗಳಲ್ಲಿ ಕ್ರೈಸ್ತ ಕುಟುಂಬಗಳು ಕಡಿಮೆ, ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ, ಬಹುಪಾಲು ಕುಟುಂಬಗಳು ಪರಸ್ಪರ ಬೀಗರು. ಸಭಾಸಮಿತಿಯ ಅಧ್ಯಕ್ಷತೆ ಪಾಲಕರದೇ. ದೂರು ಕೊಡಬೇಕಾದ ಮೇಲಿನ ಕಚೇರಿ ಜಿಲ್ಲಾಕೇಂದ್ರದಲ್ಲೋ ಅದಕ್ಕಿಂತ ದೂರದ ನಗರದಲ್ಲೋ ಇರುತ್ತದೆ. ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿನ ಖರ್ಚು ಹೊಂದಿಸಬೇಕು, ಏಕೆ ಹೋದೆಯೆಂದು ಮನೆಯವರಿಗೆ ಉತ್ತರಿಸಬೇಕು. ಇಷ್ಟಾದ ಮೇಲೆ ಕಚೇರಿಯಲ್ಲಿ ದೂರನ್ನು ಕೇಳುವವರು ಆ ಪಾಲಕರ ಸಹಪಾಠಿಯೋ ಜೊತೆಗಾರರೋ ಆಗಿರುವುದುಂಟು.

ಆಗ ಸಾಮಾನ್ಯವಾಗಿ ಕಂಡುಕೊಳ್ಳುವ ದಾರಿ ವರ್ಗಾವಣೆ. ಕಡೂರಿನಲ್ಲಿದ್ದವರನ್ನು ತರೀಕೆರೆಗೆ ಕಳುಹಿಸಿದರೆ ಕಡೂರಿನ ಗದ್ದಲ ಅಡಗಬಹುದು. ಆದರೆ ಬೀರೂರು ದಾಟಿ ಹೋಗುವ ರೈಲಿನಲ್ಲಿ ಆ ವ್ಯಕ್ತಿಯೊಡನೆ ಅವನ ಅಭ್ಯಾಸವೂ ಪ್ರಯಾಣಿಸುತ್ತದೆ, ದೂರಿನ ಕಡತ ಮಾತ್ರ ಪ್ರಯಾಣಿಸುವುದಿಲ್ಲ. ತರೀಕೆರೆಯ ಸಭೆ ಹೊಸ ಪಾಲಕರನ್ನು ಹಾರ ಹಾಕಿ ಬರಮಾಡಿಕೊಳ್ಳುತ್ತದೆ, ಏಕೆಂದರೆ ಅದಕ್ಕೆ ಯಾರೂ ಏನನ್ನೂ ತಿಳಿಸಿಲ್ಲ. ನೊಂದವಳ ಪಾಲಿಗೆ ಈ ವರ್ಗಾವಣೆ ನ್ಯಾಯವೂ ಅಲ್ಲ, ಆಪಾದಿತನ ಪಾಲಿಗೆ ನಿರ್ದೋಷಿಯೆಂಬ ತೀರ್ಪೂ ಅಲ್ಲ.

ಸ್ವತಂತ್ರ ಸಭೆಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಸ್ಥಾಪಕ ಪಾಸ್ಟರರ ಮೇಲೆ ಯಾರೂ ಇರುವುದಿಲ್ಲ. ಟ್ರಸ್ಟಿನ ಸದಸ್ಯರು ಅವರ ಪತ್ನಿ, ಮಗ, ಭಾವಮೈದುನ ಆಗಿರುವಾಗ ದೂರು ಹೋಗುವುದಾದರೂ ಎಲ್ಲಿಗೆ?

ಮೌನಕ್ಕೆ ಇನ್ನೊಂದು ಕಾರಣವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ಉಡುಪಿ, ಚಿಕ್ಕಮಗಳೂರು ಭಾಗಗಳಲ್ಲಿ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ನಮ್ಮ ಜನ ಮರೆತಿಲ್ಲ. 2022ರ ಮತಾಂತರ ನಿಷೇಧ ಕಾನೂನಿನ ಸಂದರ್ಭದ ಆತಂಕವೂ ಹಸಿಯಾಗಿದೆ. ಆದುದರಿಂದ ಮನೆಯ ಮಾತು ಹೊರಗೆ ಹೋದರೆ ವಿರೋಧಿಗಳ ಕೈಗೆ ಕೋಲು ಕೊಟ್ಟಂತಾಗುವುದು ಎಂಬ ಮಾತನ್ನು ಹಿರಿಯರು ಹೇಳುತ್ತಾರೆ. ಈ ಭಯ ಕಲ್ಪಿತವಲ್ಲ. ಆದರೆ ಅದರ ಬೆಲೆಯನ್ನು ತೆರುವವರು ಯಾರು? ಸಮುದಾಯದ ಮಾನವನ್ನು ಕಾಯುವ ಭಾರವನ್ನು ಅದರ ಅತ್ಯಂತ ದುರ್ಬಲ ಸದಸ್ಯೆಯ ಹೆಗಲಿಗೆ ಹೊರಿಸುವುದು ಶಿಲುಬೆಯ ಮಾರ್ಗವಲ್ಲ. ಒಬ್ಬನು ಜನರೆಲ್ಲರಿಗೋಸ್ಕರ ಸಾಯುವುದು ಹಿತವೆಂದು ಲೆಕ್ಕ ಹಾಕಿದವನು ಕಾಯಫನು ಎಂಬುದನ್ನು ನೆನೆಯಬೇಕು.

ಎರಡು ಪಾಠಗಳು

2019ರಲ್ಲಿ ಮೈಸೂರು ಕಥೋಲಿಕ ಧರ್ಮಕ್ಷೇತ್ರದ 37 ಮಂದಿ ಗುರುಗಳು ತಮ್ಮ ಧರ್ಮಾಧ್ಯಕ್ಷರ ಮೇಲೆ ಗಂಭೀರ ಆರೋಪಗಳನ್ನು ಹೊರಿಸಿ ಪೋಪ್ ಅವರಿಗೆ ಪತ್ರ ಬರೆದರು. ಧರ್ಮಾಧ್ಯಕ್ಷರು ಆ ಆರೋಪಗಳನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ಅವರು ಆಡಳಿತದಿಂದ ಬಿಡುವು ಪಡೆದರು. ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರು ಆಡಳಿತಾಧಿಕಾರಿಯಾಗಿ ನೇಮಕಗೊಂಡರು. ಆರೋಪಗಳ ಸತ್ಯಾಸತ್ಯವನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ನಾವು ಗಮನಿಸುವುದು ಕಾಲವನ್ನು. ವಿದ್ಯಾವಂತರೂ ಸಭಾನಿಯಮಗಳನ್ನು ಬಲ್ಲವರೂ ಆದ 37 ಗುರುಗಳ ಸಹಿಯುಳ್ಳ ಪತ್ರಕ್ಕೆ ಕಣ್ಣಿಗೆ ಕಾಣುವ ಕ್ರಮ ದೊರೆಯಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಾಗಾದರೆ ಅಜ್ಜಂಪುರದ ಕೂಲಿಯ ಹೆಣ್ಣುಮಗಳೊಬ್ಬಳು ಒಂಟಿಯಾಗಿ ಬರೆದ ಅಥವಾ ಬರೆಯಿಸಿದ ಅರ್ಜಿಯ ಗತಿಯೇನು? ಇಂಥ ವಿಳಂಬದಿಂದ ದೂರು ಕೊಟ್ಟವರೂ ಆಪಾದಿತರೂ ಇಡೀ ಧರ್ಮಕ್ಷೇತ್ರವೂ ಏಕಕಾಲಕ್ಕೆ ನೋಯುತ್ತಾರೆ.

ಎರಡನೆಯ ಪಾಠ ಇಂಗ್ಲೆಂಡಿನದು. ಜಾನ್ ಸ್ಮಿತ್ ಎಂಬ ವಕೀಲನು ಕ್ರೈಸ್ತ ಶಿಬಿರಗಳ ಮೂಲಕ ಪರಿಚಯವಾದ ಹುಡುಗರನ್ನು ಕ್ರೂರವಾಗಿ ಹೊಡೆಯುತ್ತಿದ್ದುದು 1982ರಲ್ಲಿಯೇ ಒಂದು ಆಂತರಿಕ ವರದಿಯಿಂದ ಕೆಲವು ನಾಯಕರಿಗೆ ತಿಳಿದಿತ್ತು. ಅವರು ಪೊಲೀಸರಿಗೆ ತಿಳಿಸಲಿಲ್ಲ. ಅವನು ಜಿಂಬಾಬ್ವೆಗೆ ಹೋದನು, ಅಲ್ಲಿಯೂ ಅದೇ ಮುಂದುವರಿಯಿತು. ವಿಚಾರಣೆಯನ್ನು ಎದುರಿಸದೆ 2018ರಲ್ಲಿ ತೀರಿಕೊಂಡನು. 2024ರ ನವೆಂಬರಿನಲ್ಲಿ ಪ್ರಕಟವಾದ ಮೇಕಿನ್ ವರದಿಯ ನಂತರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. ಅವರು ಯಾರನ್ನೂ ಹೊಡೆದವರಲ್ಲ. 2013ರಲ್ಲಿ ವಿಷಯ ತಿಳಿದ ಮೇಲೆ ಅದು ಸರಿಯಾದ ಕೈಗಳಿಗೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳಲಿಲ್ಲವೆಂಬುದೇ ಅವರ ಮೇಲಿನ ಆಕ್ಷೇಪವಾಗಿತ್ತು. ತಿಳಿದವನ ಹೊಣೆ ತಿಳಿಸಿದಲ್ಲಿಗೆ ಮುಗಿಯುವುದಿಲ್ಲ.

ಸತ್ಯವೇದದ ಬೆಳಕಿನಲ್ಲಿ

ಯಾಜಕನ ಮೇಲಿನ ದೂರನ್ನು ನಾಯಕನು ಹೇಗೆ ಕೆಡಿಸುತ್ತಾನೆಂಬುದಕ್ಕೆ ಸಮುವೇಲನ ಮೊದಲನೆಯ ಪುಸ್ತಕದ ಏಲಿಯೇ ಸಾಕ್ಷಿ. ಹೊಫ್ನಿ, ಫೀನೆಹಾಸರು ಬಲಿಯ ಮಾಂಸವನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುತ್ತಿದ್ದರು, ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರೊಡನೆ ದುರ್ನಡತೆ ನಡೆಸುತ್ತಿದ್ದರು. ಏಲಿಗೆ ಸುದ್ದಿ ಜನರಿಂದಲೇ ಮುಟ್ಟಿತು. ಅವನು ಸುಮ್ಮನಿರಲಿಲ್ಲ, ಮಕ್ಕಳನ್ನು ಕರೆದು ಗದರಿಸಿದನು. ಆದರೂ ದೇವರ ತೀರ್ಪು ಅವನ ಮನೆಯ ಮೇಲೆ ಬಂತು. ಕಾರಣವನ್ನು 3:13 ಸ್ಪಷ್ಟಪಡಿಸುತ್ತದೆ: ಅವನು ಅವರನ್ನು ತಡೆಯಲಿಲ್ಲ. ಬುದ್ಧಿಹೇಳುವುದು ಬೇರೆ, ತಡೆಯುವುದು ಬೇರೆ. ಅವರನ್ನು ಯಾಜಕಸೇವೆಯಿಂದ ಬಿಡಿಸುವ ಅಧಿಕಾರ ಏಲಿಯ ಕೈಯಲ್ಲಿತ್ತು. 2:29ರಲ್ಲಿ ಇನ್ನೊಂದು ಮಾತಿದೆ. ಕಿತ್ತುಕೊಂಡ ನೈವೇದ್ಯದಿಂದ ಏಲಿಯೂ ಕೊಬ್ಬಿದ್ದನು. ಚೆನ್ನಾಗಿ ಹಣ ಕೂಡಿಸುವ, ಜನಪ್ರಿಯನಾದ ಪಾಲಕನ ಮೇಲಿನ ದೂರು ಏಕೆ ನಿಧಾನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ಬೇಕಿಲ್ಲ.

ತಾಮಾರಳ ಕಥೆಯಲ್ಲಿಯೂ ಇದೇ ಇದೆ. ಅಬ್ಷಾಲೋಮನು ಅವಳಿಗೆ ಸುಮ್ಮನಿರೆಂದನು. ಅರಸನಾದ ದಾವೀದನು ಬಹಳ ಕೋಪಗೊಂಡನು, ಆದರೆ ಏನನ್ನೂ ಮಾಡಲಿಲ್ಲ. ನ್ಯಾಯ ಕಾಣದ ಆ ಮನೆಯಲ್ಲಿ ಎರಡು ವರ್ಷದ ನಂತರ ಕೊಲೆ ನಡೆಯಿತು.

ದೂರನ್ನು ಅಡಗಿಸಲು ಮೂರು ವಾಕ್ಯಭಾಗಗಳು ಪದೇ ಪದೇ ಬಳಕೆಯಾಗುತ್ತವೆ. ಮೊದಲನೆಯದು, ಕರ್ತನ ಅಭಿಷಿಕ್ತನ ಮೇಲೆ ಕೈಯೆತ್ತಬಾರದೆಂಬುದು. ದಾವೀದನು ಸೌಲನನ್ನು ಕೊಲ್ಲಲೊಲ್ಲದೆ ಹೇಳಿದ ಮಾತದು. ಅದೇ ದಾವೀದನು ಗವಿಯಿಂದ ಹೊರಬಂದು ಎಲ್ಲರ ಎದುರಿನಲ್ಲಿ ಸೌಲನ ಅನ್ಯಾಯವನ್ನು ಎತ್ತಿ ಆಡಿದನು. ಕೊಲ್ಲಬಾರದೆಂಬುದು ಪ್ರಶ್ನಿಸಬಾರದೆಂದಾಗುವುದಿಲ್ಲ. ಎರಡನೆಯದು, ಮತ್ತಾಯ 18:15ರಂತೆ ಒಬ್ಬೊಬ್ಬರಾಗಿ ಮಾತಾಡಿ ಬಗೆಹರಿಸಿಕೊಳ್ಳಬೇಕೆಂಬುದು. ಅದು ಸಹೋದರರ ನಡುವಿನ ಕ್ರಮ. ನೊಂದ ಬಾಲಕಿಯನ್ನು ಅದೇ ಪಾಲಕನ ಕೋಣೆಗೆ ಒಂಟಿಯಾಗಿ ಕಳುಹಿಸಲು ಅದರಲ್ಲಿ ಅಪ್ಪಣೆಯಿಲ್ಲ. ಅದೇ ಅಧ್ಯಾಯ ಚಿಕ್ಕವರನ್ನು ಎಡವಿಸುವವನ ಮೇಲಿನ ಕಠಿಣ ಎಚ್ಚರಿಕೆಯನ್ನು ಮೊದಲು ಹೇಳಿದೆ, ಮತ್ತು ಆ ಕ್ರಮದ ಕೊನೆಯ ಹೆಜ್ಜೆ ಸಭೆಗೆ ತಿಳಿಸುವುದೇ ಆಗಿದೆ. ಮೂರನೆಯದು 1 ತಿಮೊಥೆ 5:19, ಎರಡು ಮೂರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬಾರದೆಂಬುದು. ಇದು ಸುಳ್ಳು ಅಪವಾದದಿಂದ ಪಾಲಕನನ್ನು ಕಾಯುವ ನ್ಯಾಯವಾದ ನಿಯಮ. ಆದರೆ ಮುಂದಿನೆರಡು ವಚನಗಳು ಪಾಪದಲ್ಲಿ ನಡೆಯುವ ಹಿರಿಯನನ್ನು ಎಲ್ಲರ ಮುಂದೆ ಗದರಿಸಬೇಕೆಂದೂ ಪಕ್ಷಪಾತ ಕೂಡದೆಂದೂ ಹೇಳುತ್ತವೆ. ಏಕಾಂತದಲ್ಲಿ ನಡೆಯುವ ಅಪರಾಧಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ವಿರಳ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಬಂದ ಒಂದೇ ರೀತಿಯ ದೂರುಗಳು ಒಂದಕ್ಕೊಂದು ಸಾಕ್ಷಿಯಾಗುತ್ತವೆ. ಕಡತವನ್ನೇ ಇಡದ ಸಭೆಗೆ ಆ ಸಾಕ್ಷಿಗಳು ಎಂದೂ ಕೂಡಿಬರುವುದಿಲ್ಲ.

ಕಾನೂನಿನ ಹೊಣೆ

ಕೆಲವು ವಿಷಯಗಳಲ್ಲಿ ಸಭೆಗೆ ಆಯ್ಕೆಯೇ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಅಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಧಾರ್ಮಿಕ ಸಂಸ್ಥೆಯ ಆಡಳಿತಗಾರನೋ ಸಿಬ್ಬಂದಿಯೋ ಆ ಸಂಸ್ಥೆಯಲ್ಲಿನ ಮಗುವಿನ ಮೇಲೆ ಲೈಂಗಿಕ ಆಕ್ರಮಣ ನಡೆಸಿದರೆ ಅದು ಉಲ್ಬಣಗೊಂಡ ಅಪರಾಧವೆನಿಸುತ್ತದೆ. ಕಾಯ್ದೆಯ ಪಠ್ಯದಲ್ಲಿ ಪಾದ್ರಿಗಳಿಗೆ ವಿನಾಯಿತಿಯಿಲ್ಲ. ಪಾಪನಿವೇದನೆಯ ಗೋಪ್ಯವನ್ನು ಪಾಲಿಸಬೇಕಾದ ಗುರುವೂ, ನೊಂದ ಮಗುವಿಗೆ ಅದರ ಹೊರಗೆ ಅದೇ ಮಾತನ್ನು ಹೇಳುವಂತೆ ಧೈರ್ಯ ಕೊಡಬಲ್ಲನು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಪ್ರತಿಯೊಂದು ದೇವಾಲಯದ ಗೋಡೆಯ ಮೇಲಿರಬೇಕು.

ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ಕುರಿತ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಮಹಿಳೆಯಾಗಿರಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಾಗಿರಬೇಕು, ಒಬ್ಬರು ಹೊರಗಿನವರಾಗಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಿಬ್ಬಂದಿ ಹತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ಜನ ದುಡಿಯುವ ಸಣ್ಣ ಊರಿನ ಸಭೆಗೆ ಮುಖ್ಯವಾದುದು ಈ ಕೊನೆಯ ದಾರಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ನಡೆದ ಊರಿನ ಠಾಣೆಗೇ ಹೋಗಬೇಕೆಂದಿಲ್ಲ. ಅಜ್ಜಂಪುರದವಳು ಶಿವಮೊಗ್ಗದ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು.

ಸಭೆಗಳ ಒಳನಿಯಮಗಳೂ ಇಲ್ಲದಿಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಶಾಸನ ಗುರುಗಳೂ ಕನ್ಯಾಸ್ತ್ರೀಯರೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದೆ, ದೂರನ್ನು ಮುಚ್ಚಿಹಾಕುವ ಧರ್ಮಾಧ್ಯಕ್ಷರನ್ನೂ ವಿಚಾರಣೆಯ ವ್ಯಾಪ್ತಿಗೆ ತಂದಿದೆ. ದಕ್ಷಿಣ ಭಾರತ ಸಭೆಯ ಸಂವಿಧಾನದಲ್ಲಿ ಶಿಸ್ತಿನ ನ್ಯಾಯಮಂಡಳಿಗಳಿಗೆ ಎಡೆಯಿದೆ. ನಿಯಮಗಳು ಪುಸ್ತಕದಲ್ಲಿವೆ, ಅವು ಹಳ್ಳಿಯ ಸಭೆಗೆ ಕನ್ನಡದಲ್ಲಿ ತಲುಪಿಲ್ಲ.

ಯೆರೂಸಲೇಮಿನ ಮಾದರಿ

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಸಭಾಸೇವಕರ ನೇಮಕದ ಕಥೆಯೆಂದು ಓದುತ್ತೇವೆ. ಅದು ಒಂದು ದೂರಿನ ಕಥೆಯೂ ಹೌದು. ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗುಣುಗುಟ್ಟುವಿಕೆ ಎದ್ದಿತು. ಆ ಉಪಚಾರ ಅಪೊಸ್ತಲರ ಮೇಲ್ವಿಚಾರಣೆಯಲ್ಲಿಯೇ ಇತ್ತು. ಆದರೂ ಅವರು ದೂರಿದವರ ಭಕ್ತಿಯನ್ನು ಶಂಕಿಸಲಿಲ್ಲ, ಹೊರಗಿನವರಿಗೆ ತಿಳಿದೀತೆಂದು ಹೆದರಲಿಲ್ಲ. ಶಿಷ್ಯಮಂಡಲಿಯನ್ನೆಲ್ಲ ಕರೆದರು, ಆಯ್ಕೆಯನ್ನು ಸಭೆಗೇ ಬಿಟ್ಟರು, ಅಧಿಕಾರದ ಒಂದು ಭಾಗವನ್ನು ತಮ್ಮ ಕೈಯಿಂದ ಬಿಟ್ಟುಕೊಟ್ಟರು. ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ನೊಂದವರ ಭಾಷೆ ಬಲ್ಲವರ ಕೈಗೆ ಪರಿಹಾರ ಹೋಯಿತು.

ಈ ಮಾದರಿಯಿಂದ ಇಂದಿನ ಸಭೆಗೆ ಕೆಲವು ಕ್ರಮಗಳು ತಾವಾಗಿ ಹೊರಡುತ್ತವೆ. ದೂರನ್ನು ಸ್ವೀಕರಿಸುವವರು ಆಪಾದಿತರ ಅಧೀನರೂ ಸಹಪಾಠಿಗಳೂ ಆಗಿರಬಾರದು, ಅವರಲ್ಲಿ ಮಹಿಳೆಯರೂ ಸಭೆಯ ಹೊರಗಿನವರೂ ಇರಬೇಕು. ಬಂದ ಪ್ರತಿಯೊಂದು ದೂರಿಗೂ ತಾರೀಖು ಹಾಕಿದ ಸ್ವೀಕೃತಿಪತ್ರ ಕೊಡಬೇಕು. ಗಂಭೀರ ದೂರಿನಲ್ಲಿ ವಿಚಾರಣೆ ಮುಗಿಯುವವರೆಗೆ ಪಾಲಕರು ಸೇವೆಯಿಂದ ದೂರವಿರಬೇಕು. ಇದು ಶಿಕ್ಷೆಯಲ್ಲ, ಎರಡೂ ಕಡೆಯವರನ್ನು ಕಾಯುವ ಮುನ್ನೆಚ್ಚರಿಕೆ. ಆ ಅವಧಿಯಲ್ಲಿ ಅವರ ಸಂಬಳ ನಿಲ್ಲಬಾರದು, ಅವರ ಮಾತನ್ನೂ ಪೂರ್ಣವಾಗಿ ಕೇಳಬೇಕು. ದೂರು ಸುಳ್ಳೆಂದು ತಿಳಿದರೆ ಅದನ್ನು ಎಲ್ಲರ ಮುಂದೆ ಸಾರಬೇಕು. ವರ್ಗಾವಣೆಯೊಡನೆ ಕಡತವೂ ಹೋಗಬೇಕು. ಅಪರಾಧದ ದೂರನ್ನು ಒಳಗಿನ ಸಮಿತಿ ಮೊದಲು ಪರೀಕ್ಷಿಸಿ ನೋಡೋಣವೆಂದು ತಡೆಹಿಡಿಯಬಾರದು, ಅದು ಪೊಲೀಸರ ಕೆಲಸ. ನೊಂದವರ ಮನೆಗೆ ಸಭೆಯ ಪರವಾಗಿ ಯಾರಾದರೂ ಹೋಗಿ ಕೂತು ಕೇಳಬೇಕು, ರಾಜಿಗೆ ಒತ್ತಾಯಿಸಬಾರದು.

ವೈದಿಕ ವಿದ್ಯಾಲಯಗಳಿಗೂ ಇದರಲ್ಲಿ ಪಾಲಿದೆ. ಪ್ರಸಂಗಶಾಸ್ತ್ರವನ್ನು ವರ್ಷಗಟ್ಟಲೆ ಕಲಿಸುವ ನಾವು ಕೇಳಿಸಿಕೊಳ್ಳುವುದನ್ನು ಎಷ್ಟು ತಾಸು ಕಲಿಸುತ್ತೇವೆ? ಮೊದಲ ಸಭೆಗೆ ಹೊರಡುವ ವಿದ್ಯಾರ್ಥಿಯು ಪೋಕ್ಸೊ ಕಾಯ್ದೆಯ 19ನೆಯ ಕಲಮನ್ನು ಓದಿಯೇ ಹೋಗಬೇಕು, ತನ್ನ ಮೇಲೆಯೇ ದೂರು ಬಂದರೆ ಅದು ಯಾರ ಬಳಿಗೆ ಹೋಗಬೇಕೆಂಬುದನ್ನು ತನ್ನ ಸಭೆಯ ಜನರಿಗೆ ತಾನೇ ಮೊದಲ ತಿಂಗಳಲ್ಲಿ ತಿಳಿಸಬೇಕು.

ದೂರನ್ನು ಕೇಳಿದರೆ ಸಭೆ ಒಡೆದೀತೆಂಬ ಭಯಕ್ಕೆ ಲೂಕನು ಅದೇ ಅಧ್ಯಾಯದ ಏಳನೆಯ ವಚನದಲ್ಲಿ ಉತ್ತರ ಕೊಟ್ಟಿದ್ದಾನೆ. ವಿಧವೆಯರ ದೂರು ಬಗೆಹರಿದ ಮೇಲೆ ದೇವರ ವಾಕ್ಯ ಪ್ರಬಲವಾಯಿತು, ಶಿಷ್ಯರ ಸಂಖ್ಯೆ ಹೆಚ್ಚಿತು, ಯಾಜಕರಲ್ಲಿಯೂ ಬಹುಮಂದಿ ನಂಬಿಕೆಗೆ ಒಳಗಾದರು.